ಬ್ಯಾರನ್ ಗುಜರಿಗೆ, ಸಿಂಹಾಸನ ಮ್ಯೂಸಿಯಂಗೆ!

ಮೊನ್ನೆ ಪಿರಿಯಾಪಟ್ಟಣದ ಕಡೆ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಹಳೇ ಹೊಗೆಸೊಪ್ಪಿನ ಬ್ಯಾರನ್ ಇದ್ದ ಜಾಗ ಖಾಲಿ. ಒಳಗೆ ಬಿಸಿ ಹಾಯಿಸುತ್ತಿದ್ದ ತಗಡಿನ ಕೊಳವೆಗಳು ಗುಜರಿ ಸೇರಿವೆ. "ತೂಕಕ್ಕೆ ಹಾಕ್ಬುಟ್ಟೆ ಕಣ್ಲಾ ಮಗ, ಇಟ್ಕೊಂಡು ಏನ್ ಮಾಡದು?" ಅಂದರು. ಆಗ ಉತ್ತರ ಹೊಳೆಯಲಿಲ್ಲ. ವಾಪಸ್ ಬರುವಾಗ ಬಸ್ಸಲ್ಲಿ ಹೊಳೆಯಿತು, ಸಿಟ್ಟಿನ ಜೊತೆಗೇ.

ನಮ್ಮ ಜಿಲ್ಲೆಯಲ್ಲಿ ಪರಂಪರೆ ಅಂದರೆ ಅರಮನೆ, ಅಷ್ಟೆ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನ್ ಬೋಗಿಯನ್ನು ಜೋಪಾನ ಮಾಡಿದ್ದಾರೆ. ಮಾಡಲಿ, ಸಂತೋಷ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ಹೆಂಗಸರು ಕಡ್ಡಿ ಲೆಕ್ಕದಲ್ಲಿ ಕೂಲಿಗೆ ಸೊಪ್ಪು ಕಟ್ಟಿದರಲ್ಲ, ಆ ಕಡ್ಡಿ, ಆ ದಾರ ಎಲ್ಲಿವೆ? ಒಲೆಗೆ ಹೋದವು.

ಅದು ಬೇಸಾಯ ತಾನೇ, ಕೈಗಾರಿಕೆ ಎಲ್ಲಿಂದ ಬಂತು ಅಂತೀರಾ? ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಸುಮಾರು 35 ಡಿಗ್ರಿಯಿಂದ ಹಂತಹಂತವಾಗಿ 70ರ ಹತ್ತಿರಕ್ಕೆ ಶಾಖ ಏರಿಸಬೇಕು. ಒಬ್ಬ ತೂಕಡಿಸಿದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತೆ. ಇದು ಫ್ಯಾಕ್ಟರಿ ಅಲ್ಲದಿದ್ದರೆ ಇನ್ನೇನು? ಶಿಫ್ಟ್ ಮುಗಿಯೋ ಸೈರನ್ ಒಂದಿರಲಿಲ್ಲ.

ಹೊಗೆಸೊಪ್ಪು ವಿಷ, ಅದಕ್ಕ್ಯಾಕೆ ಮ್ಯೂಸಿಯಂ ಅನ್ನುವವರಿದ್ದಾರೆ. ವಿಷವೇ, ಒಪ್ಪಿದೆ. ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಈ ಬೆಳೆ ಹೋಗಬೇಕು ಅಂತಲೇ ನನ್ನ ಆಸೆ. ಅದಕ್ಕೇ ಈಗ ಬರೆದಿಡಬೇಕು ಅನ್ನೋದು. ನೆನಪಿಡೋದು ಅಂದರೆ ಹೊಗಳೋದಲ್ಲ ಸ್ವಾಮಿ. ನಾವು ಬರೆಯದಿದ್ದರೆ ಸಿಗರೇಟ್ ಮಾರುವವರು ಬರೆಯುತ್ತಾರೆ, ಬಂಗಾರದ ಎಲೆ ಅಂತ. ಒದ್ದೆ ಸೊಪ್ಪು ಮುಟ್ಟಿ ತಲೆ ಸುತ್ತಿ ವಾಂತಿ ಮಾಡಿಕೊಂಡ ಕಥೆ ಅದರಲ್ಲಿ ಬರುತ್ತಾ?

ಒಂದು ಸಲ ಹೀಗೇ ಆಗಿದೆ. 19ನೇ ಶತಮಾನದಲ್ಲಿ ಹುಣಸೂರಿನಲ್ಲಿ ಸರ್ಕಾರದ ಚರ್ಮ ಹದ ಮಾಡುವ ಕಾರ್ಖಾನೆ ಇತ್ತು, ಕಂಬಳಿ ಕಾರ್ಖಾನೆ, ಮರದ ಯಾರ್ಡ್ ಇದ್ದವು. ಇವತ್ತು ಗೆಜೆಟಿಯರ್‌ನಲ್ಲಿ ಒಂದೆರಡು ಸಾಲು. ಆ ಸಾಲುಗಳಲ್ಲಿ ಕೆಲಸಗಾರರ ಒಂದು ಹೆಸರೂ ಇಲ್ಲ.

ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಈಗ ಅದೂ ಎಲೆಕ್ಟ್ರಾನಿಕ್. ಹಳೇ ಹರಾಜಿನ ಕೂಗು ಯಾರ ಹತ್ತಿರವಾದರೂ ರೆಕಾರ್ಡ್ ಆಗಿದೆಯಾ? ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ತಲಾ ಒಂದು ಕೋಣೆ ಕೊಡಿ ಸಾಕು. ಕಡ್ಡಿ, ದಾರ, ಥರ್ಮಾಮೀಟರ್, ಹರಾಜಿನ ಚೀಟಿ ಇಡಿ. ಜೊತೆಗೆ ಅದನ್ನು ಬಳಸಿದವರ ದನಿಯನ್ನೂ ಇಡಿ. ಕಥೆ ಇಲ್ಲದ ಕಡ್ಡಿ ಬರೀ ಸೌದೆ. ರೆಸಾರ್ಟ್‌ನವರು ಗೋಡೆಗೆ ಲಾಟೀನು ನೇತುಹಾಕಿದ ಹಾಗೆ ಆಗಬಾರದು.

ನಾವು ಆಫೀಸಲ್ಲಿ ಎರಡು ಸಾಲು ಕೋಡ್ ಅಳಿಸಿದರೂ ಯಾರು, ಯಾವಾಗ, ಯಾಕೆ ಅಂತ ದಾಖಲೆ ಉಳಿಯುತ್ತೆ. ಚಿಕ್ಕಪ್ಪನ ಬ್ಯಾರನ್ ಹೋದದ್ದಕ್ಕೆ ಗುಜರಿಯವನ ಚೀಟಿಯೂ ಇಲ್ಲ. ಬರುವ ಭಾನುವಾರ ಚಿಕ್ಕಮ್ಮನ ಮುಂದೆ ಫೋನ್ ರೆಕಾರ್ಡಿಂಗ್ ಒತ್ತಿ ಕೂರುತ್ತೇನೆ. ನೀವೂ ನಿಮ್ಮ ಮನೆಯಲ್ಲಿ ಕೂರಿ. ಸರ್ಕಾರ ಕೋಣೆ ಕೊಡೋವರೆಗೆ ಅವರ ವಯಸ್ಸು ಕಾಯಲ್ಲ.