ಆಟದ ಮನೆಯನ್ನು ಮಗುವೇ ಕಟ್ಟಲಿ

ಕಳೆದ ತಿಂಗಳು ಆಯನೂರಿನ ನಮ್ಮ ಮನೆಗೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ಬಂತು. ಗಲ್ಫ್‌ನಲ್ಲಿರುವ ಮಾವ, ಐದು ವರ್ಷದ ಸೊಸೆಗೆಂದು ಆನ್‌ಲೈನಿನಲ್ಲಿ ತರಿಸಿಕೊಟ್ಟ ಮರದ ಗೊಂಬೆ ಮನೆ. ತೆರೆದು ನೋಡಿದರೆ ಒಳಗೆ ಮನೆ ಇಲ್ಲ! ಒಂದಷ್ಟು ಹಲಗೆ ತುಂಡು, ಒಂದು ಪೊಟ್ಟಣ ಸ್ಕ್ರೂ, ಜೋಡಿಸುವ ಕ್ರಮ ತೋರಿಸುವ ಒಂದು ಹಾಳೆ ಅಷ್ಟೆ.

"ಬೆಳಗ್ಗೆ ಎದ್ದಾಗ ಮಗುವಿಗೆ ಖುಷಿಯಾಗ್ಲಿ" ಅಂತ ನಾವು ದೊಡ್ಡವರೆಲ್ಲ ಇಶಾ ನಮಾಝ್ ಮುಗಿಸಿ ಕೂತೆವು. ಮಧ್ಯರಾತ್ರಿಯ ಹೊತ್ತಿಗೆ ಎರಡು ಅಂತಸ್ತಿನ ಮನೆ ಎದ್ದು ನಿಂತಿತು. ಬೆಳಗ್ಗೆ ಮಗು ಬಂದಳು, ನೋಡಿದಳು, ಬಾಗಿಲು ಒಂದು ಸಲ ತೆಗೆದು ಹಾಕಿದಳು. ಆಮೇಲೆ ಹೋಗಿ ಖಾಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತಳು! ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೆ: "ಅದು ನೀವು ಕಟ್ಟಿದ್ದಲ್ವಾ ಉಮ್ಮಾ?"

ಆ ಮಾತು ನಮ್ಮನ್ನು ಚುಚ್ಚಿತು. ಯಾಕೆಂದರೆ ಇದು ಒಂದು ಆಟಿಕೆಯ ಕತೆಯಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದು ಮಲೆನಾಡಿನಲ್ಲಿ ನೆಲೆ ನಿಂತ ನಮ್ಮ ಬ್ಯಾರಿ ಕುಟುಂಬಗಳಲ್ಲಿ ದುಡಿಮೆಗೆ ಕೊರತೆಯಿಲ್ಲ. ಅಂಗಡಿ, ಅಡಿಕೆ, ಮರದ ವ್ಯಾಪಾರ ಅಂತ ಗಂಡಸರು ಬೆಳಗ್ಗೆ ಹೋದರೆ ರಾತ್ರಿ ಬರುತ್ತಾರೆ. ಇನ್ನು ಕೆಲವರು ವರ್ಷಗಟ್ಟಲೆ ಕಡಲಾಚೆ ಇರುತ್ತಾರೆ. ಮಕ್ಕಳಿಗೆ ನಾವು ಏನೂ ಕಡಿಮೆ ಮಾಡುವುದಿಲ್ಲ, ಕೇಳಿದ್ದೆಲ್ಲ ತಂದು ಕೊಡುತ್ತೇವೆ. ಆದರೆ ತಂದು ಕೊಡುವುದು ಬೇರೆ, ಜೊತೆಗೆ ಕೂರುವುದು ಬೇರೆ. ನೆಲದ ಮೇಲೆ ಚಾಪೆ ಹಾಸಿ ಮಗುವಿನ ಎದುರು ಒಂದು ಗಂಟೆ ಕೂತವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ನಾವು ಆ ಮನೆಯನ್ನು ಬಿಚ್ಚಿದೆವು. ಮೂರು ಸಂಜೆ, ಮದ್ರಸ ಮುಗಿದ ಮೇಲೆ, ಮಗುವನ್ನು ಕೂರಿಸಿಕೊಂಡು ಮತ್ತೆ ಕಟ್ಟಿದೆವು. ದೊಡ್ಡವರು ಹಲಗೆ ಹಿಡಿದುಕೊಂಡರು, ಸ್ಕ್ರೂ ತಿರುಗಿಸಿದ್ದು ಅವಳು. ಒಂದು ಕಿಟಕಿ ತಲೆಕೆಳಗಾಗಿ ಕೂತಿತು, "ಇರ್ಲಿ ಬಿಡಿ" ಅಂದಳು. ಮೆಟ್ಟಿಲು ಮೊದಲು ಹಾಕಿದರೆ ಮೇಲಿನ ಅಂತಸ್ತು ಕೂರುವುದಿಲ್ಲ ಅನ್ನುವುದನ್ನು ನಾವು ಹೇಳಿಕೊಡಲಿಲ್ಲ, ಅವಳೇ ಕಂಡುಕೊಂಡಳು. ಈಗ ಮನೆಗೆ ಬಂದವರಿಗೆಲ್ಲ ಮೊದಲು ತೋರಿಸುವುದು ಆ ತಲೆಕೆಳಗಾದ ಕಿಟಕಿಯನ್ನೇ.

"ಗೊಂಬೆ ಮನೆಯೊಳಗೆ ಇಟ್ಟುಕೊಳ್ಳಬಹುದಾ?" ಎಂಬ ಪ್ರಶ್ನೆ ನಮ್ಮ ಮನೆಯ ಹಿರಿಯರಿಂದಲೂ ಬಂತು. ಕೇಳಬೇಕಾದ ಪ್ರಶ್ನೆಯೇ. ಹಝ್ರತ್ ಆಯಿಷಾ (ರ) ಅವರು ಗೆಳತಿಯರೊಂದಿಗೆ ಗೊಂಬೆಗಳನ್ನಿಟ್ಟು ಆಡುತ್ತಿದ್ದುದು ಬುಖಾರಿಯ ಹದೀಸಿನಲ್ಲಿದೆ. ಅವರ ಆಟಿಕೆಗಳ ನಡುವೆ ರೆಕ್ಕೆಯಿದ್ದ ಕುದುರೆಯೊಂದನ್ನು ಕಂಡು ಪ್ರವಾದಿಯವರು (ಸ) ಅದೇನೆಂದು ವಿಚಾರಿಸಿದ್ದು, ಸುಲೈಮಾನ್ ನಬಿಯವರ ಕುದುರೆಗಳಿಗೆ ರೆಕ್ಕೆಗಳಿದ್ದುವಲ್ಲ ಎಂಬ ಉತ್ತರ ಕೇಳಿ ಮನಸಾರೆ ನಕ್ಕಿದ್ದು ಅಬೂ ದಾವೂದ್ ಸಂಗ್ರಹದಲ್ಲಿದೆ. ಇದರ ಆಧಾರದಲ್ಲೇ ಹೆಚ್ಚಿನ ವಿದ್ವಾಂಸರು ಮಕ್ಕಳ ಆಟದ ಗೊಂಬೆಗಳಿಗೆ ಅವಕಾಶ ಕೊಟ್ಟಿದ್ದಾರೆ. ಇನ್ನೂ ಸಂಶಯ ಇದ್ದವರು ತಮ್ಮ ಉಸ್ತಾದರನ್ನು ಕೇಳಲಿ. ಆದರೆ ಆ ಘಟನೆಯಲ್ಲಿ ನಮಗೆ ಇನ್ನೊಂದು ಪಾಠವೂ ಇದೆ: ಅಷ್ಟೊಂದು ಹೊಣೆ ಹೊತ್ತವರೂ ಆಟಿಕೆಯ ಮುಂದೆ ನಿಂತು "ಇದೇನು?" ಎಂದು ಕೇಳಲು ಸಮಯ ಮಾಡಿಕೊಂಡರು. ನಮಗೆ ಮಾತ್ರ ಪುರುಸೊತ್ತಿಲ್ಲ!

ಇನ್ನೊಂದು ಮಾತು. ಗೊಂಬೆ ಮನೆ ಹೆಣ್ಣು ಮಕ್ಕಳಿಗೆ ಮಾತ್ರ ಅಂತ ಯಾಕೆ ಅಂದುಕೊಳ್ಳಬೇಕು? ಪ್ರವಾದಿಯವರು (ಸ) ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಆಯಿಷಾ (ರ) ಅವರೇ ಹೇಳಿದ್ದಾರೆ. ಅಡುಗೆ ಕೋಣೆ ಎಲ್ಲಿರಬೇಕು, ಯಾರು ಎಲ್ಲಿ ಮಲಗಬೇಕು ಅಂತ ಗಂಡು ಹುಡುಗನೂ ಆಡುತ್ತಾ ಯೋಚಿಸಲಿ. ಹಾಗೆಯೇ ಸ್ಕ್ರೂಡ್ರೈವರ್ ಹೆಣ್ಣು ಮಗುವಿನ ಕೈಗೂ ಬರಲಿ.

ಕೊಳ್ಳುವವರು ಸ್ವಲ್ಪ ಜಾಗ್ರತೆ ವಹಿಸಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರಾಟವಾಗುವ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೆ ವಿನಾಯಿತಿ ಇದೆ. ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸ್ಕ್ರೂ, ಸಣ್ಣ ಕುರ್ಚಿ-ಮೇಜು ಎಲ್ಲ ಕೈಗೆ ಸಿಗದಂತೆ ಇಡಿ, ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಲಗೆಯ ಅಂಚನ್ನು ಪಾಲಿಶ್ ಪೇಪರಿನಿಂದ ಒಮ್ಮೆ ಉಜ್ಜಿ, ಸಿಬಿರು ಚುಚ್ಚಬಾರದು.

ದುಬಾರಿ ಕಿಟ್ ಬೇಕೇ ಬೇಕು ಅಂತೇನೂ ಇಲ್ಲ. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ ಗೊಂಬೆಗಳಿಗೆ ಚನ್ನಪಟ್ಟಣ ಹೆಸರಾಗಿದೆ. ಗುಡಿಗಾರರ ಮರದ ಕೆತ್ತನೆಗೆ ಹೆಸರಾದ ಸಾಗರ ಇದೇ ರಸ್ತೆಯಲ್ಲಿ ಮುಂದೆ ಸಿಗುತ್ತದೆ. ಅಷ್ಟೂ ಬೇಡವೆಂದರೆ ಊರಿನ ಆಚಾರ್ರ ಹತ್ತಿರ ಉಳಿದ ನಾಲ್ಕು ಪ್ಲೈವುಡ್ ತುಂಡು ಕೇಳಿ ತನ್ನಿ. ಸ್ವಲ್ಪ ಫೆವಿಕಾಲ್ ಸಾಕು, ಮನೆಯಾಗುತ್ತದೆ.

ಸ್ವಂತ ಮನೆ ಕಟ್ಟಬೇಕು ಅಂತ ನಮ್ಮವರು ಅರ್ಧ ಆಯುಷ್ಯ ಹೊರಗೆ ದುಡಿಯುತ್ತಾರೆ. ಅದು ತಪ್ಪಲ್ಲ. ಆದರೆ ಆ ಮನೆಯ ಗೃಹಪ್ರವೇಶದ ಹೊತ್ತಿಗೆ ಮಕ್ಕಳು ದೊಡ್ಡವರಾಗಿ ಬಿಟ್ಟಿರುತ್ತಾರೆ. ರಜೆಯಲ್ಲಿ ಊರಿಗೆ ಬಂದ ಉಪ್ಪಂದಿರೇ, ಅಂಗಡಿ ಮುಚ್ಚಿ ಬಂದ ಕಾಕಂದಿರೇ, ಈ ಭಾನುವಾರ ಫೋನ್ ಬದಿಗಿಟ್ಟು ಒಂದು ಗಂಟೆ ಚಾಪೆಯ ಮೇಲೆ ಕೂತು ನೋಡಿ. ಹಲಗೆ ನೀವು ಹಿಡಿಯಿರಿ, ಸ್ಕ್ರೂ ಮಗು ತಿರುಗಿಸಲಿ. ಕಿಟಕಿ ತಲೆಕೆಳಗಾದರೆ ಸರಿಪಡಿಸಲು ಹೋಗಬೇಡಿ.