ಬೆಕ್ಕಿಗೂ ಬೇಕು ಒಂದಿಷ್ಟು ಕೆಲಸ



ಈ ಸಲ ಉಪ್ಪಿನಕಾಯಿ, ಹಪ್ಪಳದ ಮಾತು ಪಕ್ಕಕ್ಕಿರಲಿ. ಅಡಿಗೆಮನೆ ಬಾಗಿಲಲ್ಲೇ ಕೂತು ನಮ್ಮ ಕಾಲು ಸುತ್ತುವ ಬೆಕ್ಕಿನ ವಿಷಯ ಮಾತಾಡೋಣ. ನಿಮ್ಮಲ್ಲೊಬ್ಬರು ಪತ್ರ ಬರೆದಿದ್ದಾರೆ. ಹೆಂಚಿನ ಮನೆ ಬಿಟ್ಟು ಮೂರನೆಯ ಮಹಡಿಯ ಮನೆಗೆ ಬಂದಿದ್ದಾರಂತೆ. ಕೆಳಗೆ ಬಸ್ಸು, ಲಾರಿ ಓಡಾಡುವ ರಸ್ತೆ, ಬೀದಿನಾಯಿಗಳ ಕಾಟ ಬೇರೆ. ಜೊತೆಗೆ ಬಂದ ಬೆಕ್ಕನ್ನು ಹೊರಗೆ ಬಿಡುವ ಹಾಗಿಲ್ಲ. ಅದೋ, ಬೆಳಗಿನ ಜಾವ ಮೂರಕ್ಕೆ ಕೂಗಿ ಎಬ್ಬಿಸುತ್ತದೆ, ಪರದೆ ಹರಿಯುತ್ತದೆ, ನಡೆಯುವವರ ಹಿಮ್ಮಡಿಗೆ ಬಾಯಿ ಹಾಕುತ್ತದೆ. "ಹೊಟ್ಟೆಗೆ ಏನೂ ಕಡಮೆ ಮಾಡಿಲ್ಲ ಅಕ್ಕಾ, ಆದರೂ ಹೀಗೆ. ನಮ್ಮ ಯಜಮಾನರು ಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬರ್ತೀನಿ ಅಂತಿದಾರೆ" ಎಂದು ಬರೆದಿದ್ದಾರೆ.

ತಂಗೀ, ಯಜಮಾನರಿಗೆ ಒಂದು ತಿಂಗಳು ತಡೀರಿ ಅಂತ ಹೇಳಿ. ಗೊತ್ತಿಲ್ಲದ ಜಾಗದಲ್ಲಿ ಬಿಟ್ಟ ಬೆಕ್ಕು ಹೇಗೋ ಬದುಕಿಕೊಳ್ಳುತ್ತದೆ ಅನ್ನುವುದು ನಮ್ಮ ಸಮಾಧಾನಕ್ಕೆ ನಾವು ಹೇಳಿಕೊಳ್ಳುವ ಮಾತು.

ನಿಮ್ಮ ಬೆಕ್ಕಿಗೆ ಕಡಮೆಯಾಗಿರುವುದು ಊಟವಲ್ಲ, ಊಟ ಸಂಪಾದಿಸುವ ಕೆಲಸ. ಹೆಂಚಿನ ಮನೆಯಲ್ಲಿದ್ದಾಗ ಅದು ಅಟ್ಟದ ಮೇಲೆ ಇಲಿಯ ಸದ್ದಿಗೆ ಕಿವಿಗೊಟ್ಟು ಗಂಟೆಗಟ್ಟಲೆ ಕೂರುತ್ತಿತ್ತು, ಹಿತ್ತಲಲ್ಲಿ ಓತಿಕ್ಯಾತನ ಹಿಂದೆ ಓಡುತ್ತಿತ್ತು. ಒಂದು ಸಣ್ಣ ಇಲಿಯಲ್ಲಿ ಸಿಗುವುದು ಸುಮಾರು 30 ಕ್ಯಾಲೊರಿ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ 200ರಿಂದ 250 ಬೇಕು. ಅಂದರೆ ಏಳೆಂಟು ಇಲಿ! ಹೊಂಚಿದ್ದೆಲ್ಲ ಸಿಗುವುದೂ ಇಲ್ಲ. ಹಾಗೆ ದಿನವಿಡೀ ದುಡಿದು ಸ್ವಲ್ಪಸ್ವಲ್ಪವೇ ತಿನ್ನಲು ಹುಟ್ಟಿದ ಪ್ರಾಣಿಗೆ ನಾವು ಎರಡು ಹೊತ್ತು ತಟ್ಟೆ ತುಂಬ ಇಡುತ್ತೇವೆ. ಎರಡು ನಿಮಿಷದಲ್ಲಿ ತಟ್ಟೆ ಖಾಲಿ. ಉಳಿದ ಹೊತ್ತು ಏನು ಮಾಡಬೇಕು ಹೇಳಿ? ನಿದ್ದೆ, ಆಮೇಲೆ ನಿಮ್ಮ ಪರದೆ.

ಆದ್ದರಿಂದ ತಿನಿಸನ್ನು ಒಗಟು ಮಾಡಿ ಕೊಡಿ. ಇದಕ್ಕೆಂದೇ ಆಟದ ಸಾಮಾನು ಪೇಟೆಯಲ್ಲಿ ಸಿಗುತ್ತದೆ, ಆದರೆ ನಮ್ಮ ಮನೆಗಳಲ್ಲಿ ಅದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಮೂಲೆಗೆ ಬಿದ್ದ ಹಳೆಯ ಇಡ್ಲಿ ತಟ್ಟೆ ಇದೆಯಲ್ಲ, ಅದರ ಒಂದೊಂದು ಗುಳಿಗೂ ನಾಲ್ಕೈದು ಕಾಳು ಬೆಕ್ಕಿನ ಒಣ ಆಹಾರ ಹಾಕಿ. ಎರಡು ಮೂರು ದಿನ ಹಾಗೇ ತಿನ್ನಲಿ. ಆಮೇಲೆ ಕೆಲವು ಗುಳಿಗಳ ಮೇಲೆ ಕಾಗದದ ಉಂಡೆ ಇಡಿ. ಪಂಜದಿಂದ ಉಂಡೆ ಸರಿಸಿ ತಿನ್ನಲು ಕಲಿಯುತ್ತದೆ. ಅಳಗುಳಿ ಮಣೆ ಇದ್ದರಂತೂ ಹದಿನಾಲ್ಕು ಗುಳಿ. ಕವಡೆ, ಹುಣಿಸೆ ಬೀಜ ಮಾತ್ರ ಎತ್ತಿಡಿ.

ಅದು ರೂಢಿಯಾದ ಮೇಲೆ ಅರ್ಧ ಲೀಟರಿನ ನೀರಿನ ಬಾಟಲಿ. ಕಾಳಿಗಿಂತ ಎರಡರಷ್ಟು ದೊಡ್ಡದಾಗಿ ಆರೇಳು ತೂತು ಮಾಡಿ, ಅಂಚು ಚೂಪಾಗಿರದಂತೆ ಉಜ್ಜಿ, ಒಂದು ಹಿಡಿ ಕಾಳು ಹಾಕಿ ಮುಚ್ಚಳ ಬಿಗಿಯಿರಿ. ಉರುಳಿಸಿದಾಗ ಒಂದೊಂದೇ ಕಾಳು ಉದುರುತ್ತದೆ. ಮಿಠಾಯಿ ಡಬ್ಬದ ಮುಚ್ಚಳಕ್ಕೆ ಪಂಜ ಹೋಗುವಷ್ಟು ತೂತು ಮಾಡಿ, ಒಳಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿದ ಕೋಳಿ ಚೂರು ಇಟ್ಟರೂ ಆದೀತು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. (ಮಾಂಸ ತಾರದ ಮನೆಯವರು ಬೇಸರಿಸಬೇಡಿ, ಬೆಕ್ಕು ಹುಟ್ಟಾ ಮಾಂಸಾಹಾರಿ. ಮಾಂಸದಲ್ಲಿರುವ ಟಾರಿನ್ ಎಂಬ ಸತ್ವ ಸಿಗದೆ ಹೋದರೆ ಅದರ ಕಣ್ಣೂ ಹೃದಯವೂ ಕೆಡುತ್ತವೆ. ಬರೀ ಹಾಲನ್ನದಲ್ಲಿ ಸಾಕುವ ಬದಲು ಬೆಕ್ಕಿಗೆಂದೇ ಮಾಡಿದ ಆಹಾರ ತನ್ನಿ.)

ಒಗಟು ಇಟ್ಟ ಕೂಡಲೇ ಬೆಕ್ಕು ಕುಣಿದಾಡುತ್ತದೆ ಎಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯವರು 17 ಸಾಕುಬೆಕ್ಕುಗಳ ಮುಂದೆ ಒಂದು ಕಡೆ ಒಗಟು, ಇನ್ನೊಂದು ಕಡೆ ಸುಮ್ಮನೆ ತಟ್ಟೆ ಇಟ್ಟು ನೋಡಿದರು. ಹೆಚ್ಚಿನವು ತಟ್ಟೆಯದನ್ನೇ ಆರಿಸಿಕೊಂಡವು ಎಂದು 2021ರಲ್ಲಿ ಪ್ರಕಟಿಸಿದರು. ಯಾರಿಗೆ ತಾನೆ ಕೂತಲ್ಲಿಗೆ ಊಟ ಬಂದರೆ ಬೇಡ? ಅದಕ್ಕೇ ಮೊದಲ ವಾರ ಅರ್ಧ ತಟ್ಟೆಯಲ್ಲಿ, ಅರ್ಧ ಒಗಟಿನಲ್ಲಿ ಕೊಡಿ. ಒಟ್ಟು ಅಳತೆ ದಿನದ್ದೇ ಇರಲಿ, ಒಗಟಿನದು ಮೇಲಿನ ಲೆಕ್ಕ ಆದರೆ ಬೆಕ್ಕು ಕುಂಬಳಕಾಯಿಯಾಗುತ್ತದೆ.

"ಹಸಿದರೆ ತಾನೇ ಕಲಿಯುತ್ತೆ ಬಿಡಿ" ಎನ್ನುವ ಹಿರಿಯರ ಮಾತು ಇಲ್ಲಿ ನಡೆಯದು. ನಾಯಿ ಉಪವಾಸ ತಡೆದಂತೆ ಬೆಕ್ಕು ತಡೆಯುವುದಿಲ್ಲ. ದಪ್ಪನೆಯ ಬೆಕ್ಕು ಎರಡು ಮೂರು ದಿನ ತಿನ್ನದೆ ಕೂತರೆ ಕೊಬ್ಬು ಪಿತ್ತಜನಕಾಂಗಕ್ಕೆ ತುಂಬಿ ಜೀವಕ್ಕೇ ಮುಳುವಾಗಬಹುದು. ಒಂದಿಡೀ ದಿನ ಮುಟ್ಟದಿದ್ದರೆ ಒಗಟು ಎತ್ತಿಟ್ಟು ತಟ್ಟೆಯಲ್ಲಿ ಕೊಡಿ. ಆಗಲೂ ತಿನ್ನದಿದ್ದರೆ ಪಶುವೈದ್ಯರಿಗೆ ತೋರಿಸಿ. ಗಂಡು ಬೆಕ್ಕು ಪದೇ ಪದೇ ಮೂತ್ರಕ್ಕೆ ಕೂತು, ಬಾರದೆ ಕೂಗಿದರೆ ಅದು ಬೇಸರದ ಕೂಗಲ್ಲ. ಮರುದಿನಕ್ಕೆ ತಳ್ಳದೆ ತಕ್ಷಣ ಕರಕೊಂಡು ಹೋಗಿ.

ಬೆಳಗಿನ ಜಾವದ ಗಲಾಟೆಗೆ ಉಪಾಯ ಹೀಗೆ. ರಾತ್ರಿ ಪಾತ್ರೆ ತೊಳೆದಾದ ಮೇಲೆ ಹತ್ತು ನಿಮಿಷ ಕಡ್ಡಿಗೆ ಬಟ್ಟೆ ಕಟ್ಟಿ ಓಡಾಡಿಸಿ, ಆಮೇಲೆ ದಿನದ ಕೊನೆಯ ಒಗಟು ಇಟ್ಟು ಮಲಗಿ. ಮೂರಕ್ಕೆ ಕೂಗಿದರೆ ಎದ್ದು ಹಾಕಬೇಡಿ. ಒಮ್ಮೆ ಹಾಕಿದರೆ ಕೂಗುವುದೇ ಅದಕ್ಕೆ ಕಸುಬಾಗುತ್ತದೆ. ಮೊದಮೊದಲು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಾದೀತು, ಯಜಮಾನರಿಗೂ ಒಂದು ಚೂರು ಕೊಡಿ! ಮನೆಯಲ್ಲಿ ಎರಡು ಬೆಕ್ಕಿದ್ದರೆ ಎರಡಕ್ಕೂ ಬೇರೆಬೇರೆ ಕೋಣೆಯಲ್ಲಿ ಇಡಿ, ಇಲ್ಲದಿದ್ದರೆ ಜೋರಿನದು ಎರಡರದ್ದೂ ಮುಗಿಸುತ್ತದೆ.

ಹೊಲಿಗೆ ಮಾಡುವವರು ಗಮನಿಸಿ: ದಾರ, ರಬ್ಬರ್ ಬ್ಯಾಂಡ್, ಜರಿಯ ಎಳೆ ಯಾವುದನ್ನೂ ಬೆಕ್ಕಿನ ಆಟಕ್ಕೆ ಬಿಡಬಾರದು. ನುಂಗಿದ ದಾರ ಕರುಳನ್ನು ಗಂಟುಗಂಟಾಗಿ ಎಳೆದುಬಿಡುತ್ತದೆ, ಶಸ್ತ್ರಚಿಕಿತ್ಸೆಯೇ ಆಗಬೇಕು. ಕಡ್ಡಿಗೆ ಕಟ್ಟಿದ ಬಟ್ಟೆಯನ್ನೂ ಆಟ ಮುಗಿದ ಮೇಲೆ ಎತ್ತಿಡಿ.

ಇನ್ನು ನಮ್ಮ ಕಡೆಯ ದೊಡ್ಡ ತೊಂದರೆ ಇರುವೆ. ಬಾಟಲಿಯ ತಳದಲ್ಲಿ ನಾಲ್ಕು ಕಾಳು ಉಳಿದರೂ ಬೆಳಗಾಗುವುದರೊಳಗೆ ಸಾಲು ಹಿಡಿದಿರುತ್ತವೆ. ಇಡ್ಲಿ ತಟ್ಟೆಯನ್ನು ನೀರು ತುಂಬಿದ ಅಗಲ ತಟ್ಟೆಯ ನಡುವೆ ಇಟ್ಟರೆ ಇರುವೆ ಹತ್ತುವುದಿಲ್ಲ. ಬಾಟಲಿಯನ್ನು ಮಾತ್ರ ದಿನಾ ಬಿಚ್ಚಿ, ಕೊಡವಿ, ಬಿಸಿನೀರಲ್ಲಿ ತೊಳೆದು ಬಿಸಿಲಿಗಿಡಿ.