ಚೀಲ ಹೊತ್ತವರು ಗೆದ್ದ ಇಂಡಿಯನ್ ಓಪನ್

ಗಾಲ್ಫ್ ಸುದ್ದಿ ಬಂದರೆ ಪುಟ ತಿರುವಿಹಾಕುವವರೇ ಹೆಚ್ಚು. ಕೊಳವೆಬಾವಿ ಎಷ್ಟು ಅಡಿಗೆ ಇಳಿಯಿತು ಎಂಬುದೇ ದೊಡ್ಡ ಸುದ್ದಿಯಾದ ನಮ್ಮ ತೋವಿನಕೆರೆ ಕಡೆ, ನೀರು ಕುಡಿಯುವ ಹುಲ್ಲಿನ ಮೇಲೆ ಆಡುವ ಆಟ ಎಂದರೆ ನಗುತ್ತಾರೆ. ಆದರೂ ಇಂಡಿಯನ್ ಓಪನ್ ಗೆದ್ದವರ ಪಟ್ಟಿಯನ್ನು ಕೆಲಸ ಹುಡುಕುವ ಪ್ರತಿಯೊಬ್ಬರೂ ಒಮ್ಮೆ ನೋಡಬೇಕು.

ಪಂದ್ಯಾವಳಿ ಶುರುವಾದದ್ದು 1964ರಲ್ಲಿ. ಮೊದಲ ವರ್ಷ ಗೆದ್ದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. 1965ರಲ್ಲಿ ಪಿ.ಜಿ. ಸೇಠಿ ಗೆದ್ದರು, ಅವರು ಹವ್ಯಾಸಿ, ಆಟವೇ ಹೊಟ್ಟೆಪಾಡಲ್ಲ. ಆಮೇಲೆ 25 ವರ್ಷ ಕಪ್ ವಿದೇಶಿಯರ ಪಾಲು. 1991ರಲ್ಲಿ ಅದನ್ನು ವಾಪಸ್ ತಂದ ಅಲಿ ಶೇರ್, ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಕ್ಯಾಡಿಯಾಗಿದ್ದವರು. 1993ರಲ್ಲಿ ಮತ್ತೆ ಗೆದ್ದರು.

ಕ್ಯಾಡಿ ಎಂದರೆ ಆಟಗಾರನ ಚೀಲ ಹೊತ್ತು, ಚೆಂಡು ಬಿದ್ದ ಜಾಗ ಹುಡುಕಿ, ಗಾಳಿ ಎತ್ತ ಬೀಸುತ್ತಿದೆ, ನೆಲ ಎತ್ತ ಇಳಿಜಾರಾಗಿದೆ ಎಂದು ಹೇಳುವವನು. ಆಡಿದ ಸುತ್ತಿನ ಲೆಕ್ಕಕ್ಕೆ ಕೂಲಿ. ಆದರೆ ದಿನಾ ಅದೇ ನೆಲ ತುಳಿದು, ಬೇರೆಯವರ ತಪ್ಪು ಹೊಡೆತಗಳನ್ನು ನೋಡಿ ನೋಡಿ ಕಲಿಯುತ್ತಾನೆ. ನಾವು ಕೊನೆಯ ಸೆಮಿಸ್ಟರಿನಲ್ಲಿ ಇಂಟರ್ನ್‌ಶಿಪ್‌ಗಾಗಿ ಪರದಾಡುತ್ತೇವಲ್ಲ, ಅದನ್ನು ಅವರು ಬಾಲ್ಯದಲ್ಲೇ ಮುಗಿಸಿರುತ್ತಾರೆ, ಸರ್ಟಿಫಿಕೇಟ್ ಮಾತ್ರ ಸಿಗುವುದಿಲ್ಲ.

ನಮ್ಮವರೂ ಇದ್ದಾರೆ. ಬೆಂಗಳೂರಿನ ಕ್ಯಾಡಿ ಸಿ. ಮುನಿಯಪ್ಪ 2009ರಲ್ಲಿ ಗುರುಗ್ರಾಮದಲ್ಲಿ ಕೊರಿಯಾದ ಲೀ ಸುಂಗ್ ಅವರನ್ನು ಪ್ಲೇಆಫ್‌ನಲ್ಲಿ ಸೋಲಿಸಿ ಗೆದ್ದರು. ಆ ದಿನ ನಾನು ಅಂಗನವಾಡಿಯ ಮಗು. ಈ ಹೆಸರು ನನಗೆ ಯಾವ ಪಠ್ಯದಲ್ಲೂ ಸಿಗಲಿಲ್ಲ ಎಂಬ ಸಿಟ್ಟು ಈಗಲೂ ಇದೆ. 2013ರ ವಿಜೇತ ಬಾಂಗ್ಲಾದೇಶದ ಸಿದ್ದಿಕುರ್ ರೆಹಮಾನ್ ಕೂಡ ಢಾಕಾದಲ್ಲಿ ಚೆಂಡು ಹೆಕ್ಕಿಕೊಡುತ್ತಿದ್ದ ಹುಡುಗ. 2016, 2017ರಲ್ಲಿ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ, ರಾಯಲ್ ಕಲ್ಕತ್ತಾ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ.

ಅಲ್ಲಿಗೆ ನಿಂತಿತು. 2025ರವರೆಗೂ ಇನ್ನೊಬ್ಬ ಭಾರತೀಯ ಗೆದ್ದಿಲ್ಲ. 2015ರಿಂದ ಪಂದ್ಯಾವಳಿ ಯುರೋಪಿಯನ್ ಟೂರ್‌ಗೂ ಸೇರಿತು. 2025ರಲ್ಲಿ ಒಟ್ಟು ಬಹುಮಾನ 22.5 ಲಕ್ಷ ಡಾಲರ್. ಹಣ ಹೆಚ್ಚಿದ ಮೇಲೆ ಪೈಪೋಟಿಯೂ ಹೆಚ್ಚಿತು, ಅದು ಸಹಜ. ಆದರೆ ನನಗೆ ಕಾಣುವ ಇನ್ನೊಂದು ಕಾರಣ ತಂತ್ರಜ್ಞಾನ. ಚೆಂಡಿನ ವೇಗ, ತಿರುಗುವಿಕೆಯನ್ನು ರಾಡಾರ್ ಅಳೆಯುತ್ತದೆ. ಕೋಚ್, ಫಿಸಿಯೋ, ದೇಶದಿಂದ ದೇಶಕ್ಕೆ ಪ್ರಯಾಣ, ಎಲ್ಲಕ್ಕೂ ಮೊದಲೇ ದುಡ್ಡು ಸುರಿಯಬೇಕು. ದೂರ ಹೊಡೆಯುವುದು ಚೌರಾಸಿಯಾ ಅವರ ಬಲವಲ್ಲ. ಗುಳಿಯ ಹತ್ತಿರದ ನಯವಾದ ಆಟದಿಂದಲೇ ಗೆದ್ದವರು. ನೋಡಿ ಕಲಿತವನ ಆಟ ಅದು. ಈಗಿನ ಆಟಕ್ಕೆ ಅದೊಂದೇ ಸಾಲದಾಗಿದೆ.

ಕೋಡಿಂಗ್ ಕೆಲಸದಲ್ಲೂ ಇದನ್ನೇ ನೋಡುತ್ತಿದ್ದೇವೆ. ಸ್ವಂತವಾಗಿ ಕಲಿತವನಿಗೆ ಬಾಗಿಲು ಮುಚ್ಚಿಲ್ಲ, ಆದರೆ ಬಾಗಿಲವರೆಗೆ ಹೋಗುವ ಖರ್ಚು ಏರಿದೆ.

2012ರಲ್ಲಿ ಈ ಪಂದ್ಯಾವಳಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲೇ ನಡೆಯಿತು. ಆ ಮೈದಾನ ಇರುವುದು ಹಿಂದಿನ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಹೆಸರಲ್ಲೇ ಕೆರೆಯಿರುವ ಊರಿನವನಿಗೆ ಇದು ಚುಚ್ಚುತ್ತದೆ. ಊರಿನ ಕೆರೆಯಾಗಿದ್ದ ಜಾಗದಲ್ಲಿ ಆಡುವಾಗ ಊರಿನ ಮಕ್ಕಳಿಗೂ ಪಾಲು ಬೇಕಲ್ಲವೇ? ಇಂಥ ಎಲ್ಲ ಮೈದಾನಗಳಲ್ಲೂ ವಾರಕ್ಕೊಂದು ದಿನ ಕ್ಯಾಡಿಗಳಿಗೂ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೂ ಕೋಚ್ ಸಮೇತ ಜಾಗ ಬಿಟ್ಟುಕೊಡಲಿ. ಇಂಡಿಯನ್ ಓಪನ್‌ನಲ್ಲಿ ಆಹ್ವಾನದ ಮೇಲೆ ಕೊಡುವ ಸ್ಥಾನಗಳಲ್ಲಿ ಒಂದೆರಡನ್ನು ಕ್ಯಾಡಿಗಳ ನಡುವಿನ ಅರ್ಹತಾ ಪಂದ್ಯಕ್ಕೆ ಮೀಸಲಿಡಲಿ.